ಹೊಸ್ತಿಲ ಕೆಳಗಿನ ಎರಡು ಡಾಲರ್

ಬೆಳಿಗ್ಗೆ ಆರು ಗಂಟೆ ಎಂಟು ನಿಮಿಷಕ್ಕೆ ಶೀನ ಪೂಜಾರಿಯವರು ಕಾರ್ಕಳದಲ್ಲಿ ತಂಗಿಯ ಹೊಸ ಮನೆಯ ಅಡಿಪಾಯದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಮೊಬೈಲಿನ ಬೆಳಕಿನಲ್ಲಿ ಒಂದು ನಾಣ್ಯದ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಗೀರಿ ನೋಡುತ್ತಿದ್ದರು. ಮುಂಬಾಗಿಲಿನ ಚೌಕಟ್ಟನ್ನು, ನಮ್ಮ ಕಡೆಯ ಮಾತಿನಲ್ಲಿ ದಾರಂದವನ್ನು, ನಿಲ್ಲಿಸುವ ಮುಹೂರ್ತ ಆರೂ ಇಪ್ಪತ್ತಕ್ಕೆ ಮುಗಿಯುವುದಿತ್ತು. ಹೊಸ್ತಿಲು ಕೂರುವ ಜಾಗದಲ್ಲಿ ಒಂದು ಗೇಣಿನಷ್ಟು ಗುಂಡಿ ಬಿಟ್ಟಿದ್ದರು. ಅದರೊಳಗೆ ಪಂಚಲೋಹದ ಉಳಿದ ನಾಲ್ಕರ ತುಣುಕುಗಳು ಆಗಲೇ ಬಿದ್ದಿದ್ದವು. ಬೆಳ್ಳಿ ಮಾತ್ರ ಬಾಕಿ.

ನಾನು ಅಲ್ಲಿರಲಿಲ್ಲ. ಆಮೇಲೆ ಮೂವರು ಬೇರೆಬೇರೆಯಾಗಿ ಹೇಳಿದ್ದನ್ನು ಹೋಲಿಸಿ, ಒಂದಕ್ಕೊಂದು ಹೊಂದಿದಷ್ಟನ್ನೇ ಬರೆಯುತ್ತಿದ್ದೇನೆ.

"ಇದು ಬೆಳ್ಳಿಯಾ?" ಎಂದು ಶೀನಣ್ಣ ಕೇಳಿದರು.

"ಬೆಳ್ಳಿಯೇ ಮಾವ. ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು," ಎಂದ ಸೋದರಳಿಯ ವಿಕಾಸ್. ಶಾರ್ಜಾದ ಒಂದು ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವನು, ಈ ಮುಹೂರ್ತಕ್ಕಾಗಿಯೇ ರಜೆ ಹಾಕಿ ಬಂದಿದ್ದ.

"ಬೆಳ್ಳಿಗೆ ಬಣ್ಣ ಯಾಕೆ ಬಳಿದದ್ದು?"

"ಡಿಸೈನ್ ಮಾವ ಅದು."

"ಎಂತ ಡಿಸೈನ್? ಸರಿ ಇರುವುದಕ್ಕೆ ಯಾರು ಬಣ್ಣ ಬಳಿಯುತ್ತಾರೆ? ಹಳೆ ಬಸ್ಸಿಗೆ ಬಳಿಯುತ್ತಾರೆ, ಎಫ್.ಸಿ. ಮಾಡಿಸಲಿಕ್ಕೆ ಆರ್.ಟಿ.ಒ.ಗೆ ತಗೊಂಡು ಹೋಗುವಾಗ."

ನಾಣ್ಯದ ಒಂದು ಬದಿಯಲ್ಲಿ ಜಪಾನಿನ ಕಾರ್ಟೂನ್ ಧಾರಾವಾಹಿಯೊಂದರ ಯಂತ್ರಯೋಧ ನಿಂತಿದ್ದ. ನೀಲಿ ಕವಚ, ಕೆಂಪು ಕಣ್ಣು, ಕೈಯಲ್ಲಿ ಅವನಿಗಿಂತ ಉದ್ದದ ಕತ್ತಿ. ಇನ್ನೊಂದು ಬದಿಯಲ್ಲಿ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದೇಶದ ಲಾಂಛನ, ಅದರ ಕೆಳಗೆ 'ಎರಡು ಡಾಲರ್' ಎಂಬ ಇಂಗ್ಲಿಷ್ ಬರಹ. ವಿಕಾಸ್ ಅದನ್ನು ಪ್ಲಾಸ್ಟಿಕ್ಕಿನ ದುಂಡು ಕವಚದಲ್ಲಿಟ್ಟು, ಬೆರಳು ತಾಗಿಸದೆ ಮೂರು ವರ್ಷ ಕಾಪಾಡಿದ್ದ. ಮಾವ ಮೊದಲು ಮಾಡಿದ ಕೆಲಸವೆಂದರೆ ಆ ಕವಚವನ್ನು ಹಲ್ಲಿನಿಂದ ಬಿಚ್ಚಿದ್ದು.

"ಮಾವ, ಕೈ ತಾಗಿಸಬಾರದು. ಬೆಲೆ ಹೋಗ್ತದೆ."

"ಕೈ ತಾಗಿದರೆ ಬೆಲೆ ಹೋಗುವ ದುಡ್ಡು ಎಂತ ದುಡ್ಡು ಮಾರಾಯ?"

ಬಡಗಿ ಆಚಾರಿಯವರು ಗಡಿಯಾರ ತೋರಿಸಿದರು. ಕುಶಲಾ, ಎಂದರೆ ಶೀನಣ್ಣನ ತಂಗಿ, ವಿಕಾಸನ ತಾಯಿ, ಏನೂ ಮಾತಾಡದೆ ಸೆರಗಿನ ಚುಂಗು ಹಿಡಿದು ನಿಂತಿದ್ದರು. ಶೀನಣ್ಣ ನಾಣ್ಯವನ್ನು ಗುಂಡಿಗೆ ಹಾಕಿದರು. ಗಾರೆಯ ಸಂಗಮೇಶ ಸಿಮೆಂಟು ಸುರಿದ. ಆರೂ ಹದಿನೆಂಟಕ್ಕೆ ದಾರಂದ ನಿಂತಿತು.

ಹಾಗಾದರೆ ಬೆಳ್ಳಿ ಯಾಕೆ ಮೊದಲೇ ಸಿದ್ಧವಿರಲಿಲ್ಲ? ಅದಕ್ಕೂ ಶೀನಣ್ಣನೇ ಕಾರಣ. ಅವರ ಕುಟುಂಬದಲ್ಲಿ ದಾರಂದದ ಕೆಳಗೆ ಬೆಳ್ಳಿ ಇಡುವವನು ಸೋದರಮಾವ. ತರುವುದೂ ಅವನೇ, ಇಡುವುದೂ ಅವನೇ. ಆ ಬಾಗಿಲಿನ ಒಳಗೆ ಮುಂದೆ ನಡೆಯುವ ಒಳಿತು ಕೆಡುಕುಗಳಿಗೆ ಜವಾಬ್ದಾರನೂ ಅವನೇ ಎಂದು ಒಪ್ಪಿಕೊಂಡ ಹಾಗೆ. ಶೀನಣ್ಣ ಉಡುಪಿಯ ಒಂದು ಆಭರಣದ ಅಂಗಡಿಯಿಂದ ಹತ್ತು ಗ್ರಾಮಿನ ಬೆಳ್ಳಿ ನಾಣ್ಯ ತಂದಿದ್ದರು. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದಾಗ ಅದರ ಮುದ್ರೆಯ ಒಂದು ಅಕ್ಷರ ಅಳಿಸಿದಂತೆ ಕಂಡಿತು. ಯಾರಿಗಾದರೂ ತೋರಿಸಿಯೇ ಇಡಬೇಕೆಂದು ಅದನ್ನು ಕಾಪುವಿನ ಮನೆಯಲ್ಲೇ ಬಿಟ್ಟರು. ಬೇರೊಂದು ತರಬೇಕೆಂದುಕೊಂಡವರು ಮೂರು ಅಂಗಡಿ ಸುತ್ತಿದರು, ಮೂರನ್ನೂ ನಂಬಲಿಲ್ಲ. ಹೀಗೆ, ನಂಬದೇ ಇರುವುದರಲ್ಲೇ ಸಮಯ ಮುಗಿದು, ಬರಿಗೈಯಲ್ಲಿ ಮುಹೂರ್ತಕ್ಕೆ ಬಂದಿದ್ದರು.

ಶೀನ ಪೂಜಾರಿಯವರನ್ನು ನಾನು ಬಲ್ಲದ್ದು ಬಸ್ಸಿನಿಂದ. ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಅವರು ಕಂಡಕ್ಟರ್. ನಾನು ಮಣಿಪಾಲದ ಒಂದು ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ. ಮನೆ ಇಬ್ಬರದೂ ಕಾಪುವಿನಲ್ಲಿ. ನನ್ನ ಹೆಸರನ್ನು ಅವರು ಯಾವತ್ತೂ ಕೇಳಲಿಲ್ಲ. 'ಲ್ಯಾಬಿನವರು' ಎಂದೇ ಕರೆದರು, ಈಗಲೂ ಹಾಗೆಯೇ ಕರೆಯುತ್ತಾರೆ.

ಅವರಂಥ ಅನುಮಾನದ ಕಂಡಕ್ಟರನ್ನು ಆ ದಾರಿಯಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಪಾಸ್ ತೋರಿಸಿದ ವಿದ್ಯಾರ್ಥಿಯ ಫೋಟೊವನ್ನು ಅವನ ಮುಖದ ಪಕ್ಕ ಹಿಡಿದು ನೋಡುತ್ತಿದ್ದರು. "ಮಗುವಿಗೆ ನಾಲ್ಕು ವರ್ಷ" ಎಂದ ತಾಯಿಯನ್ನು ಬಿಟ್ಟು ಮಗುವನ್ನೇ ಕೇಳುತ್ತಿದ್ದರು, "ಟೀಚರ್ ಹೆಸರು ಎಂತ?" ಎಂದು. ಮಗು ಹೆಸರು ಹೇಳಿಬಿಟ್ಟರೆ ಅರ್ಧ ಟಿಕೆಟ್. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂಬ ಗಾಳಿಸುದ್ದಿ ಎದ್ದಾಗ, ಅದು ನಡೆಯುತ್ತದೆ ಎಂದು ಬ್ಯಾಂಕಿನವರೇ ಹೇಳಿದ ಮೇಲೂ ಅವರು ತೆಗೆದುಕೊಳ್ಳಲಿಲ್ಲ. ಅದರಲ್ಲಿ ಬೇರೆಬೇರೆ ವಿನ್ಯಾಸಗಳಿವೆ ಎಂಬುದೇ ಅವರ ತಕರಾರು.

"ಒಂದೇ ಸರಕಾರ, ಒಂದೇ ಹತ್ತು ರೂಪಾಯಿ, ಇಷ್ಟು ಬಗೆ ಯಾಕೆ? ಸುಳ್ಳು ಹೇಳುವವನು ಮಾತ್ರ ಒಂದೇ ವಿಷಯವನ್ನು ಬೇರೆಬೇರೆ ರೀತಿ ಹೇಳುವುದು."

ಇಷ್ಟಾದರೂ ಅವರು ನಾಣ್ಯ ಸಂಗ್ರಾಹಕರು. ಸಂಗ್ರಹ ಅಂದರೆ ಬಿಸ್ಕತ್ತಿನ ಒಂದು ಡಬ್ಬಿ. ಅದರಲ್ಲಿರುವುದು ಅವರಿಗೆ ಮೋಸ ಮಾಡಿ ದಾಟಿಸಿದ ನಾಣ್ಯಗಳು ಮಾತ್ರ. ಒಂದು ರೂಪಾಯಿಯೆಂದು ಚೀಲಕ್ಕೆ ಬಿದ್ದ ದಿರ್ಹಮ್, ಗಲ್ಫಿನ ಏಳು ಮೂಲೆಯ ಚಿಲ್ಲರೆ ಫಿಲ್ಸ್, ಶ್ರೀಲಂಕೆಯ ರೂಪಾಯಿ, ಯಾವುದೋ ಕ್ಲಬ್ಬಿನ ಟೋಕನ್, ತೂತು ಮುಚ್ಚಿದ ವಾಷರ್. ರಾತ್ರಿ ಲೆಕ್ಕ ಒಪ್ಪಿಸುವಾಗ ಮಾಲೀಕರು ಇವನ್ನು ಹಿಂದಿರುಗಿಸುತ್ತಿದ್ದರು, ಇವರು ಕೈಯಿಂದ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಅದು ತನ್ನದೇ ಎಂಬುದು ಅವರ ವಾದ. ಆ ಡಬ್ಬಿಯನ್ನು ಒಮ್ಮೆ ನನಗೆ ತೋರಿಸಿದಾಗ, ನಾನು ಮಹಾಪುರುಷರೊಬ್ಬರ ಚಿತ್ರವಿರುವ ಐದು ರೂಪಾಯಿಯ ಸ್ಮರಣಾರ್ಥ ನಾಣ್ಯವನ್ನು ಕೊಡಲು ಹೋದೆ. ಅವರು ಬೇಡವೆಂದರು. "ಇದರಲ್ಲಿ ಯಾರೂ ನನಗೆ ಮೋಸ ಮಾಡಿಲ್ಲವಲ್ಲ" ಎಂದರು.

ಮುಹೂರ್ತ ಮುಗಿದ ಮರುದಿನ ಸಂಜೆ ಅವರು ವಿಕಾಸನನ್ನು ಕರೆದುಕೊಂಡು ನನ್ನ ಮನೆಗೆ ಬಂದರು. ಚಹಾ ಬೇಡವೆಂದರು. ಮೇಜಿನ ಮೇಲೆ ಎರಡು ವಸ್ತುಗಳನ್ನಿಟ್ಟರು. ಒಂದು, ಅಂಗಡಿಯಿಂದ ತಂದು ಮನೆಯಲ್ಲೇ ಬಿಟ್ಟಿದ್ದ ಹತ್ತು ಗ್ರಾಮಿನದು. ಇನ್ನೊಂದು, ಪ್ಲಾಸ್ಟಿಕ್ ಕವಚದೊಳಗಿನ ಬಣ್ಣದ ನಾಣ್ಯ. ಇದರಲ್ಲಿ ಯೋಧನ ಎದುರಾಳಿ, ಕಪ್ಪು ಕವಚದವನು. ಈ ಎರಡೂ ಜೋಡಿಯಾಗಿ ಬಿಡುಗಡೆಯಾದವು, ವಿಕಾಸ್ ಎರಡನ್ನೂ ಕೊಂಡಿದ್ದ.

"ಲ್ಯಾಬಿನವರೇ, ನೋಡಿ ಹೇಳಿ. ನೀಲಿಯವನು ಕೆಳಗೆ ಹೋಗಿ ಆಯಿತು. ಅವನ ಜಾತಿಯವನು ಇವನು."

"ಅದು ಬೆಳ್ಳಿ ಅಲ್ಲದಿದ್ದರೆ ಎಂತ ಮಾಡ್ತೀರಿ?" ಎಂದು ಕೇಳಿದೆ.

"ಎಬ್ಬಿಸುತ್ತೇನೆ. ದಾರಂದ ಎಬ್ಬಿಸಿ ತೆಗೆದು ಬೇರೆ ಹಾಕುತ್ತೇನೆ. ತಂಗಿ ಬೀಡಿ ಕಟ್ಟಿ ಕಟ್ಟಿ ಕಣ್ಣು ಹಾಳು ಮಾಡಿಕೊಂಡದ್ದು ಈ ಒಂದು ಬಾಗಿಲಿಗೆ. ಅದರ ಕೆಳಗೆ ನಾನು ತಗಡು ಇಟ್ಟು ಬರಲಿಕ್ಕುಂಟಾ?" ಬೆರಳಿನಲ್ಲಿ ದಿನ ಎಣಿಸಿ ಹೇಳಿದರು, "ಸೋಮವಾರ ಬಾಗಿಲಿನ ಮೇಲೆ ಲಿಂಟಲ್ ಹಾಕ್ತಾರೆ. ಮತ್ತೆ ಎಬ್ಬಿಸಿದರೆ ಗೋಡೆಯೇ ಬರ್ತದೆ."

ಅವರು ನನ್ನಿಂದ ನಿರೀಕ್ಷಿಸಿದ ಪರೀಕ್ಷೆ ಬಹಳ ಹಳೆಯದು. ವಸ್ತುವನ್ನು ಗಾಳಿಯಲ್ಲಿ ತೂಗಬೇಕು, ನೂಲಿನಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ಅದು ಎಷ್ಟು ನೀರನ್ನು ಸರಿಸಿತೆಂದು ನೋಡಬೇಕು, ಒಂದನ್ನು ಇನ್ನೊಂದರಿಂದ ಭಾಗಿಸಬೇಕು. ಶುದ್ಧ ಬೆಳ್ಳಿಯಾದರೆ ಹತ್ತೂವರೆಗೆ ಕೂದಲೆಳೆ ಕಡಿಮೆ ಬರುತ್ತದೆ. ಹಿತ್ತಾಳೆಗೆ ಬೆಳ್ಳಿ ಲೇಪಿಸಿದ್ದಾದರೆ ಎಂಟೂವರೆಯ ಆಸುಪಾಸು. ನನ್ನಲ್ಲಿ ಮನೆಯಲ್ಲೇ ಒಂದು ಸಣ್ಣ ತಕ್ಕಡಿ ಇದೆ, ಗ್ರಾಮಿನ ನೂರನೆಯ ಒಂದು ಭಾಗ ತೋರಿಸುತ್ತದೆ.

ವಿಕಾಸ್ ಕಪ್ಪು ಯೋಧನನ್ನು ಕವಚದಿಂದ ತೆಗೆಯುವಾಗ ಕರವಸ್ತ್ರ ಸುತ್ತಿದ ಬೆರಳಿನಿಂದ ಅಂಚು ಮಾತ್ರ ಹಿಡಿದಿದ್ದ. ತೂಕ ಮೂವತ್ತೊಂದು ಪಾಯಿಂಟ್ ಒಂದು ಎರಡು ಗ್ರಾಂ. ಸರಿಸಿದ ನೀರು ಎರಡು ಪಾಯಿಂಟ್ ಒಂಬತ್ತು ಏಳು. ಭಾಗಿಸಿದರೆ ಹತ್ತು ಪಾಯಿಂಟ್ ನಾಲ್ಕು ಎಂಟು. ಬಣ್ಣದ ತೆಳು ಪದರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅದು ಬೆಳ್ಳಿ ಎನ್ನಲು ನನಗೆ ಅಡ್ಡಿಯಿರಲಿಲ್ಲ.

ಅಂಗಡಿಯ ಹತ್ತು ಗ್ರಾಮಿನದನ್ನೂ ತೂಗಿದೆ. ಅದೂ ಬೆಳ್ಳಿಯೇ.

ಶೀನಣ್ಣ ಅದನ್ನು ಕೈಗೆತ್ತಿಕೊಂಡು ಎರಡು ಸಲ ತಿರುಗಿಸಿದರು. "ಅಂದರೆ ಇದನ್ನು ತಂದಿದ್ದರೆ ತೊಂದರೆಯೇ ಇರಲಿಲ್ಲ."

"ಇರಲಿಲ್ಲ."

ವಿಕಾಸ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ನಗು ತಡೆದದ್ದು ಅವನ ಹೆಗಲಿನಲ್ಲಿ ಕಾಣುತ್ತಿತ್ತು.

"ಈ ಕಪ್ಪಿನವನು ಬೆಳ್ಳಿ, ಒಪ್ಪಿದೆ," ಎಂದರು ಶೀನಣ್ಣ. "ನೀಲಿಯವನದ್ದು ಇವರಿಗೆ ಹೇಗೆ ಗೊತ್ತು? ಎರಡನ್ನೂ ಒಂದೇ ಕಡೆ ತಗೊಂಡದ್ದಾ ನೀನು?"

ವಿಕಾಸನ ನಗು ಅಲ್ಲಿಗೆ ನಿಂತಿತು. "ಇಲ್ಲ ಮಾವ. ಇದು ಮಾಲ್‌ನ ಅಂಗಡಿಯದ್ದು. ನೀಲಿ ಅಲ್ಲಿ ಖಾಲಿಯಾಗಿತ್ತು. ರೂಮಿನ ಜೋವಿನ್ ಹತ್ತಿರ ಇತ್ತು, ಅವನು ಊರಿಗೆ ಹೋಗುವಾಗ ಅರ್ಧ ರೇಟಿಗೆ ಕೊಟ್ಟ."

"ಅರ್ಧಕ್ಕೆ."

"ಅವನಿಗೆ ಅರ್ಜೆಂಟ್ ಇತ್ತು ಮಾವ."

"ಮೋಸ ಮಾಡುವವನಿಗೆ ಯಾವಾಗಲೂ ಅರ್ಜೆಂಟೇ. ನನ್ನ ಬಸ್ಸಿನಲ್ಲಿ ಫಿಲ್ಸ್ ಕೊಟ್ಟವರೆಲ್ಲ ಮುಂದಿನ ಸ್ಟಾಪಿನಲ್ಲಿ ಇಳಿಯುವವರು."

ಮರುದಿನ ಶನಿವಾರ. ಉಡುಪಿ ಸಿಟಿ ಬಸ್ ನಿಲ್ದಾಣದ ಹಿಂದೆ, ಒಂದು ಹಳೆ ಕಟ್ಟಡದ ಮೇಲ್ಮಹಡಿಯಲ್ಲಿ ಅಂಚೆಚೀಟಿ ಮತ್ತು ನಾಣ್ಯ ಮಾರುವ ಜೋಕಿಮ್ ಅವರ ಕೋಣೆಗೆ ಮೂವರೂ ಹೋದೆವು. ಜೋಕಿಮ್ ಗಿಡ್ಡ ಮನುಷ್ಯ, ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಒಂದು ಹಣೆಯ ಮೇಲೆ. ಕಪ್ಪು ಯೋಧನನ್ನು ನೋಡಿ, "ಓ, ಬೊಂಬೆ ನಾಣ್ಯ" ಎಂದರು.

"ಬೊಂಬೆ ಅಲ್ಲ ಸರ್, ಲಿಮಿಟೆಡ್ ಎಡಿಷನ್. ಐದು ಸಾವಿರ ಮಾತ್ರ ಅಚ್ಚು ಮಾಡಿದ್ದು," ಎಂದ ವಿಕಾಸ್.

"ಹೌದು, ಬಣ್ಣದ್ದು ಐದು ಸಾವಿರ. ಮತ್ತೆ ಬಣ್ಣ ಇಲ್ಲದ್ದು ಐದು ಸಾವಿರ. ಚಿನ್ನದ ನೀರು ಕೊಟ್ಟದ್ದು ಸಾವಿರ. ಕತ್ತಿ ಮೇಲೆತ್ತಿದ್ದು, ಕತ್ತಿ ಇಳಿಸಿದ್ದು. ಎಲ್ಲವೂ ಲಿಮಿಟೆಡ್ಡೇ, ಅಲ್ವಾ?" ಜೋಕಿಮ್ ಕನ್ನಡಕ ಬದಲಿಸಿದರು. "ಎಷ್ಟು ಕೊಟ್ಟದ್ದು ನೀವು?"

ವಿಕಾಸ್ ಹೇಳಿದ. ಅಂದಿನ ಬೆಳ್ಳಿ ದರಕ್ಕೆ ಹೋಲಿಸಿದರೆ ಎರಡೂವರೆ ಪಟ್ಟು ಎಂದು ನಾನು ಭಾಗಿಸಿ ಹೇಳಿದೆ.

ಶೀನಣ್ಣ ನಡುವೆ ಬಾಯಿ ಹಾಕಿದರು. "ನನಗೊಂದು ಹೇಳಿ. ಇದರ ಮೇಲೆ ಎರಡು ಡಾಲರ್ ಅಂತ ಬರೆದುಂಟು. ಆ ಊರಿನಲ್ಲಿ ಇದನ್ನು ಕೊಟ್ಟರೆ ಎರಡು ಡಾಲರಿನ ಮೀನು ಕೊಡ್ತಾರಾ?"

"ಕಾನೂನು ಪ್ರಕಾರ ಕೊಡಬೇಕು. ಆದರೆ ಕೇಳಿದವರು ಯಾರೂ ಇರಲಿಕ್ಕಿಲ್ಲ. ಆ ದೇಶದವರು ಹೆಸರು ಕೊಡ್ತಾರೆ, ಬೇರೆ ದೇಶದ ಟಂಕಸಾಲೆ ಅಚ್ಚು ಹಾಕ್ತದೆ, ಕಾರ್ಟೂನಿನ ಕಂಪನಿ ಚಿತ್ರ ಕೊಡ್ತದೆ. ಮೂವರಿಗೂ ಪಾಲುಂಟು."

"ಊರಿನಲ್ಲಿ ಜನ ಎಷ್ಟು?"

ವಿಕಾಸ್ ಮೊಬೈಲ್ ನೋಡಿ ಹೇಳಿದ, "ಎರಡು ಸಾವಿರವೂ ಇಲ್ಲ ಮಾವ."

"ನಮ್ಮ ಬೈಲೂರು ದೊಡ್ಡದು. ಬೈಲೂರಿನವರು ನಾಳೆ ಕಾರ್ಟೂನ್ ಅಚ್ಚು ಹಾಕಿ ಎರಡು ಡಾಲರ್ ಅಂತ ಬರೆದರೆ ತಗೊಳ್ತೀಯಾ?"

"ಮಾವ, ಅದು ದೇಶ."

"ಇರಲಿ. ಐದು ರೂಪಾಯಿ ಅಂತ ಬರೆದದ್ದನ್ನು ನಾನು ಹನ್ನೆರಡೂವರೆ ಅಂತ ತಗೊಂಡಿದ್ದರೆ ಓನರ್ ನನ್ನನ್ನು ಪರ್ಕಳದಲ್ಲೇ ಇಳಿಸಿ ಹೋಗ್ತಿದ್ದರು."

ಜೋಕಿಮ್ ನಕ್ಕರು. ಮತ್ತೆ ಒಂದು ಡ್ರಾಯರ್ ಎಳೆದು, ಒಳಗಿನ ಬಣ್ಣಬಣ್ಣದ ದುಂಡುಗಳನ್ನು ತೋರಿಸಿದರು. ಹಾರುವ ವೀರರು, ಬೆಕ್ಕುಗಳು, ಬಾಹ್ಯಾಕಾಶ ನೌಕೆಗಳು. "ಇವೆಲ್ಲ ಗಲ್ಫಿನಿಂದ ಬಂದವರು ನನಗೆ ಮಾರಿದ್ದು. ನಾನು ಕೊಟ್ಟದ್ದು ಬೆಳ್ಳಿಯ ರೇಟು, ಅದರ ಮೇಲೆ ಒಂದು ಚೂರು. ಪೆಟ್ಟಿಗೆ, ಸರ್ಟಿಫಿಕೇಟು ಇಲ್ಲದಿದ್ದರೆ ಆ ಚೂರೂ ಇಲ್ಲ. ನಾಣ್ಯ ಸೇರಿಸುವವರು ಇದನ್ನು ಕೇಳುವುದಿಲ್ಲ. ಅವರಿಗೆ ಹತ್ತು ಕೈ ದಾಟಿ ಸವೆದದ್ದು ಬೇಕು. ಇದನ್ನು ಕೇಳುವವರು ಆ ಸೀರಿಯಲ್ ನೋಡುವವರು. ಮಣಿಪಾಲದ ಹುಡುಗರು ಬರ್ತಾರೆ. ಮುಂದಿನ ವರ್ಷ ಅವರಿಗೆ ಬೇರೆ ಸೀರಿಯಲ್."

"ಒಂದೂ ಏರಿಲ್ವಾ ಸರ್?" ವಿಕಾಸನ ಧ್ವನಿ ಸಣ್ಣದಾಗಿತ್ತು.

"ಸುಳ್ಳು ಹೇಳುವುದಿಲ್ಲ. ಒಂದು ಏರಿದೆ, ಚೆನ್ನಾಗಿಯೇ ಏರಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತುಂಟು ಅಂತ ಹೇಳುವವರನ್ನು ನಂಬಬೇಡಿ." ಜೋಕಿಮ್ ನಾಣ್ಯವನ್ನು ಮೆಲ್ಲಗೆ ಹಿಂದಿರುಗಿಸಿದರು. "ಇದರ ಜೋಡಿ ಎಲ್ಲಿ? ಜೋಡಿ ಇದ್ದರೆ ಕೇಳುವ ಒಬ್ಬ ಇದ್ದಾನೆ."

ವಿಕಾಸ್ ಮಾವನನ್ನು ನೋಡಿದ. ಮಾವ ಕಿಟಕಿಯ ಹೊರಗೆ ಬಸ್ಸುಗಳನ್ನು ನೋಡಿದರು.

"ಜೋಡಿ ಬಾಗಿಲಿನ ಕೆಳಗೆ ಉಂಟು," ಎಂದೆ ನಾನು.

ಜೋಕಿಮ್‌ಗೆ ಪೂರ್ತಿ ವಿಷಯ ಹೇಳಬೇಕಾಯಿತು. ಜೋವಿನ್ ಕೊಟ್ಟದ್ದು ನಕಲಿ ಇರಬಹುದೇ ಎಂದು ಶೀನಣ್ಣ ಕೇಳಿದಾಗ ಅವರು ತಲೆ ಕೆರೆದುಕೊಂಡರು. ಇಂಥವುಗಳ ನಕಲು ಬರುತ್ತಿದೆ, ಕಣ್ಣಿಗೆ ಗೊತ್ತಾಗದಷ್ಟು ಚೆನ್ನಾಗಿ ಬರುತ್ತಿದೆ, ನೋಡದೆ ಹೇಳಲಾರೆ ಎಂದರು. ಅದು ಪ್ರಾಮಾಣಿಕ ಉತ್ತರ. ಆದರೆ ಶೀನಣ್ಣನಿಗೆ ಬೇಕಾಗಿದ್ದದ್ದು ಅದಲ್ಲ.

ಮೆಟ್ಟಿಲಿಳಿಯುವಾಗ ನಾನು ವಿಕಾಸನನ್ನು ಕೇಳಿದೆ, ಜೋಡಿಯ ಒಂದನ್ನು ಅಷ್ಟು ಸುಲಭಕ್ಕೆ ಯಾಕೆ ಕೊಟ್ಟೆ ಎಂದು.

"ಮುಹೂರ್ತ ಮುಗಿಯುತ್ತಿತ್ತು. ಅಮ್ಮ ಮಾತಾಡದೆ ನಿಂತಿದ್ದರು," ಎಂದ. ಸ್ವಲ್ಪ ಕೆಳಗಿಳಿದ ಮೇಲೆ, "ಶುಕ್ರವಾರ ನಮಗೆ ರಜೆ. ರೂಮಿನಲ್ಲಿ ಆರು ಜನ, ಒಂದೇ ಟಿ.ವಿ. ಆ ನೀಲಿಯವನನ್ನು ನೋಡಿಕೊಂಡೇ ಐದು ವರ್ಷ ಹೋಯಿತು. ಲಾಭಕ್ಕೆ ಅಂತ ಮಾವನಿಗೆ ಹೇಳಿದ್ದು, ಇಲ್ಲದಿದ್ದರೆ ಬೈಯುತ್ತಾರೆ" ಎಂದ.

ಅಲ್ಲಿಂದ ಶೀನಣ್ಣ ಒಬ್ಬರೇ ಕಾರ್ಕಳದ ಬಸ್ಸು ಹತ್ತಿದರು. ಸಂಜೆ ನನಗೆ ಫೋನು ಬಂತು. ಧ್ವನಿ ತಗ್ಗಿತ್ತು.

"ಲ್ಯಾಬಿನವರೇ, ವಿಷಯ ಬೇರೆಯೇ ಉಂಟು. ನಾನು ಆ ಗಾರೆಯವನ ಹತ್ತಿರ, ದಾರಂದ ಎಬ್ಬಿಸು, ನಾಳೆ ಭಾನುವಾರ ಯಾರೂ ಇರುವುದಿಲ್ಲ ಎಂದೆ. ಅವನು ಬೆಚ್ಚಿಬಿದ್ದ. ಮುಖ ಕೊಟ್ಟು ಮಾತಾಡುವುದಿಲ್ಲ. ಬ್ಯಾಡ್ರಿ, ಬ್ಯಾಡ್ರಿ ಅಂತಲೇ ಹೇಳ್ತಾನೆ. ಎರಡು ಪಟ್ಟು ಕೂಲಿ ಕೊಡ್ತೇನೆ ಎಂದರೂ ಬೇಡವಂತೆ. ಎರಡು ಪಟ್ಟು ಕೂಲಿ ಬೇಡ ಎನ್ನುವ ಕೆಲಸದವನನ್ನು ನೀವು ಕಂಡಿದ್ದೀರಾ?"

"ಅಂದರೆ?"

"ಅಂದರೆ ಕೆಳಗೆ ನಾಣ್ಯವೇ ಇಲ್ಲ. ಸಿಮೆಂಟು ಸುರಿಯುವಾಗ ತೆಗೆದಿದ್ದಾನೆ. ಎಬ್ಬಿಸಿದರೆ ಸಿಕ್ಕಿಬೀಳುತ್ತಾನೆ."

ಸಾಕ್ಷ್ಯ ಸಾಲದು ಎಂದೆ. ಸಂಗಮೇಶ ಬಾದಾಮಿಯ ಕಡೆಯವನು, ಹನ್ನೊಂದು ವರ್ಷದಿಂದ ಕಾರ್ಕಳದಲ್ಲಿ ಗಾರೆ ಕೆಲಸ ಮಾಡುವವನು. ಅವನ ಮೇಲೆ ಇಂಥ ಮಾತು ಹೊರಬಿದ್ದರೆ ಮುಂದಿನ ಮನೆಯಲ್ಲಿ ಕೆಲಸ ಸಿಗುವುದಿಲ್ಲ. ನಾನೂ ಬರುತ್ತೇನೆ, ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳಬೇಡಿ ಎಂದು ಕೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಹೋದಾಗ ಗೋಡೆಗಳು ತಲೆಮಟ್ಟಕ್ಕೆ ಬಂದಿದ್ದವು. ಬಾಗಿಲಿನ ಚೌಕಟ್ಟು ಮಾತ್ರ ಎತ್ತರವಾಗಿ ನಿಂತಿತ್ತು, ಅದರ ತಲೆಗೆ ಕಟ್ಟಿದ್ದ ಮಾವಿನೆಲೆ ಬಾಡಿತ್ತು. ಶೀನಣ್ಣ ಬೇರೆ ಕಡೆಯಿಂದ ಒಂದು ಹಾರೆ ತಂದಿದ್ದರು. ವಿಕಾಸ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಸಂಗಮೇಶ ಹೊಸ್ತಿಲಿನ ಮುಂದೆ ಕೂತಿದ್ದ, ಏಳುವ ಲಕ್ಷಣವಿರಲಿಲ್ಲ.

"ಏಳು ಮಾರಾಯ."

"ಏಳಾಂಗಿಲ್ರೀ ಯಜಮಾನ್ರ. ನಿಂತ ಚೌಕಟ್ಟು ಎಬ್ಬಿಸಬಾರದ್ರಿ. ನೀವು ದೊಡ್ಡೋರು, ನಿಮಗೆ ನಾ ಏನು ಹೇಳೂದೈತಿ?"

"ಕೆಳಗೆ ಎಂತ ಉಂಟು ಅಂತ ನೋಡಬೇಕು ನನಗೆ."

"ಏನು ಇಟ್ಟಾರೋ ಅದೈತ್ರಿ."

"ಇಟ್ಟದ್ದು ಉಂಟು ಅಂತ ನಿನಗೆ ಅಷ್ಟು ಖಾತ್ರಿ ಹೇಗೆ?"

ಸಂಗಮೇಶ ಆ ಮಾತಿನ ತಿರುವನ್ನು ತಡವಾಗಿ ಅರ್ಥಮಾಡಿಕೊಂಡ. ಎದ್ದು ನಿಂತ. "ನಾ ತಗೊಂಡೀನಿ ಅಂತೀರೇನ್ರಿ?" ಎಂದ, ಬಹಳ ಮೆಲ್ಲಗೆ. ತನ್ನ ಕರಣೆಯನ್ನು ಒರೆಸಿ ಚೀಲಕ್ಕೆ ಹಾಕಿದ. "ಹಂಗಿದ್ರ ಎಬ್ಬಿಸ್ರಿ. ನಾನ ಎಬ್ಬಿಸಿಕೊಡ್ತೀನಿ. ಒಂದು ಮಾತು ಅಕ್ಕಾರ್ನ ಕೇಳ್ರಿ ಮೊದಲು. ಅಷ್ಟ."

"ಅವಳಿಗೆ ಇದೆಲ್ಲ ಗೊತ್ತಾಗುವುದು ಬೇಡ."

"ಎಂತ ಗೊತ್ತಾಗುವುದು ಬೇಡ?"

ಕುಶಲಾ ಹಿಂದಿನಿಂದ ಬಂದಿದ್ದರು. ಸಂಗಮೇಶನಿಗೆಂದು ತಂದ ಚಹಾದ ಫ್ಲಾಸ್ಕ್ ಕೈಯಲ್ಲಿತ್ತು. ಹಾರೆಯನ್ನು ನೋಡಿದರು, ಅಣ್ಣನನ್ನು ನೋಡಿದರು. ಇನ್ನು ಮುಚ್ಚಿಡುವಂತಿರಲಿಲ್ಲ. ಶೀನಣ್ಣ ಎಲ್ಲವನ್ನೂ ಹೇಳಿದರು. ಜೋವಿನ್‌ನ ಅರ್ಧ ಬೆಲೆ, ಬಣ್ಣ, ಎರಡು ಸಾವಿರ ಜನರ ದೇಶ, ಜೋಕಿಮ್ ಹೇಳಿದ ನಕಲು. ಸಂಗಮೇಶನ ಹೆಸರು ಬಂದಾಗ ಮಾತ್ರ ಒಂದು ಕ್ಷಣ ತಡೆದರು. ಆದರೂ ಹೇಳಿದರು.

ಕುಶಲಾ ಫ್ಲಾಸ್ಕನ್ನು ಕಲ್ಲಿನ ಮೇಲಿಟ್ಟರು.

"ಅಣ್ಣ, ಮುಹೂರ್ತದ ಹಿಂದಿನ ರಾತ್ರಿ ನೀನು ಫೋನು ಮಾಡಿ ಎಂತ ಹೇಳಿದ್ದು? ನಾಣ್ಯದ ಮುದ್ರೆ ಸರಿ ಕಾಣುವುದಿಲ್ಲ ಅಂತ ಹೇಳಿದ್ದಲ್ವಾ?"

"ಹೌದು."

"ಆಗಲೇ ನನಗೆ ಗೊತ್ತಾಯಿತು, ನೀನು ತರುವುದಿಲ್ಲ ಅಂತ. ನಿನ್ನನ್ನು ನಂಬಿ ಕೂತುಕೊಳ್ಳಲಿಕ್ಕೆ ಆಗ್ತದಾ? ನಾನು ಐದು ಗಂಟೆಗೆ ಬಂದು ಇಟ್ಟಿದ್ದೇನೆ."

"ಎಂತ ಇಟ್ಟದ್ದು?"

"ಇವನ ಬೆಳ್ಳಿ ಉಡಿದಾರ." ಅವರು ಗದ್ದದಿಂದಲೇ ವಿಕಾಸನ ಕಡೆ ತೋರಿಸಿದರು. "ತೊಟ್ಟಿಲಿಗೆ ಹಾಕುವಾಗ ಕಟ್ಟಿದ್ದು. ಅರಶಿನದ ಬಟ್ಟೆಯಲ್ಲಿ ಸುತ್ತಿ, ಗುಂಡಿಯ ಅಡಿಗೆ ಹಾಕಿ ಮೇಲೆ ಎರಡು ಹಿಡಿ ಹೊಯ್ಗೆ ಮುಚ್ಚಿದೆ. ಸಂಗಮೇಶ ಮಲಗಿದ್ದ ಶೆಡ್ಡಿನಿಂದ ಎದ್ದು ಬಂದವನು ನೋಡಿದ. ಯಾರಿಗೂ ಹೇಳಬೇಡ ಎಂದೆ. ಮಾವ ಇಡುವುದು ಅಂತ ಉಂಟಲ್ಲ. ಹೆಂಗಸು ಮೊದಲೇ ಇಟ್ಟಳು ಅಂತ ಆದರೆ ನಾಲ್ಕು ಜನರ ಮುಂದೆ ನಿನಗೆ ಕಮ್ಮಿ."

ವಿಕಾಸ್ ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡದ್ದು ಅವನಿಗೇ ತಿಳಿದಿರಲಿಕ್ಕಿಲ್ಲ.

"ಅದು ಬೆಳ್ಳಿಯಾ?" ಎಂದು ಕೇಳಲು ಶೀನಣ್ಣನ ಬಾಯಿ ತೆರೆದದ್ದನ್ನು ನಾನು ನೋಡಿದೆ. ಅದು ಮುಚ್ಚಿದ್ದನ್ನೂ ನೋಡಿದೆ.

"ಎಷ್ಟು ತೂಕ?" ಎಂದರು ಬದಲಿಗೆ.

"ಹದಿನೆಂಟು ಗ್ರಾಂ. ತಗೊಳ್ಳುವಾಗ ನನ್ನೆದುರೇ ತೂಗಿದ್ದು."

ಅವರು ಹಾರೆಯನ್ನು ಗೋಡೆಗೆ ಒರಗಿಸಿದರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಮೊದಲ ಲೋಟವನ್ನು ಸಂಗಮೇಶನ ಮುಂದೆ ಹಿಡಿದರು. ಸಂಗಮೇಶ ತಕ್ಷಣ ಕೈ ಚಾಚಲಿಲ್ಲ.

"ತಪ್ಪಾಯಿತು ನನ್ನದು. ಹಾಗೆ ಹೇಳಬಾರದಿತ್ತು," ಎಂದರು ಶೀನಣ್ಣ.

"ಅಂದಿದ್ದು ಅಂದಾಯ್ತು ಬಿಡ್ರಿ," ಎಂದ ಸಂಗಮೇಶ. ಲೋಟ ತೆಗೆದುಕೊಂಡ, ಆದರೆ ಅವರ ಪಕ್ಕ ಕೂರಲಿಲ್ಲ. ಚಹಾ ಕುಡಿದು ಮುಗಿಸಿದ ಮೇಲೆ ಚೀಲದಿಂದ ಕರಣೆ ತೆಗೆದ. ಸೋಮವಾರ ಲಿಂಟಲ್ ಬಿತ್ತು.

ಬೊಂಬೆ ನಾಣ್ಯಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಆಮೇಲೆ ಕೆಲವರು ಕೇಳಿದರು. ನನಗೆ ತಿಳಿದದ್ದು ಇಷ್ಟೇ. ಬೆಳ್ಳಿ ಇದ್ದರೆ ಬೆಳ್ಳಿಯ ಬೆಲೆ ಇರುತ್ತದೆ. ಅದರ ಮೇಲಿನದ್ದು ಒಂದು ಕಥೆಯ ಮೇಲಿನ ಪ್ರೀತಿ, ಅದನ್ನು ಇನ್ನೊಬ್ಬನಿಗೆ ಮಾರುವಾಗ ಅವನಿಗೂ ಅದೇ ಪ್ರೀತಿ ಇರಬೇಕು. ಉಳಿಸಲೆಂದು ಕೊಳ್ಳುವವರು ತೂಗಿ ಕೊಳ್ಳಲಿ. ಪ್ರೀತಿಗೆ ಕೊಳ್ಳುವವರು ಲಾಭವೆಂದು ಮಾವನಿಗೆ ಹೇಳದಿರಲಿ. ವಿಕಾಸ್ ಕಪ್ಪು ಯೋಧನನ್ನು ಮಾರಲಿಲ್ಲ. ಶಾರ್ಜಾಕ್ಕೆ ಹಿಂದಿರುಗುವಾಗ ಜೊತೆಗೇ ಒಯ್ದ. ಜೋವಿನ್‌ಗೆ ಫೋನು ಮಾಡಿ ಕೇಳಲೂ ಇಲ್ಲ. ಕೇಳಿದರೆ ಅವನು ಸತ್ಯವನ್ನೇ ಹೇಳುತ್ತಾನೆ, ಆದರೆ ಮಾವ ಅದನ್ನು ನಂಬುವುದಿಲ್ಲ ಎಂದ.

ಗೃಹಪ್ರವೇಶ ವೈಶಾಖದಲ್ಲಾಯಿತು. ಜೋಕಿಮ್‌ರನ್ನೂ ಕರೆದಿದ್ದರು. ಸಂಗಮೇಶ ಹೆಂಡತಿ ರಾಜಶ್ರೀಯೊಂದಿಗೆ ಬಂದು, ಕುಶಲಾ ಎಷ್ಟು ಕರೆದರೂ ಮೊದಲ ಪಂಕ್ತಿಗೆ ಕೂರದೆ ಎರಡನೆಯದಕ್ಕೆ ಕೂತ. ಬಡಿಸುತ್ತಿದ್ದದ್ದು ಶೀನಣ್ಣ. ಅವನ ಎಲೆಗೆ ಪಾಯಸ ಎರಡು ಸಲ ಬಿತ್ತು. ಮೂರನೆಯ ಸಲ ಸೌಟು ಬಂದಾಗ, "ಸಾಕ್ರಿ ಯಜಮಾನ್ರ, ನಂಬಿದ್ರಿ ಅಂತ ಗೊತ್ತಾತು" ಎಂದ. ಆ ಸಾಲಿನವರೆಲ್ಲ ನಕ್ಕರು. ವಿಷಯ ಗೊತ್ತಿಲ್ಲದವರೂ ನಕ್ಕರು.

ಊಟ ಮುಗಿಸಿ ಹೊರಡುವಾಗ ಜೋಕಿಮ್ ಮುಂಬಾಗಿಲಿನಲ್ಲಿ ನಿಂತು, ಹೊಸ್ತಿಲನ್ನು ಚಪ್ಪಲಿ ಹಾಕದ ಕಾಲಿನಿಂದ ಜಾಗ್ರತೆಯಾಗಿ ದಾಟಿದರು. ಹಣೆಯ ಮೇಲಿನ ಕನ್ನಡಕವನ್ನು ಮೂಗಿಗಿಳಿಸಿ, "ಪೂಜಾರಿಯವರೇ, ಕೊನೆಗೆ ಇದರ ಕೆಳಗೆ ಒಟ್ಟು ಬೆಳ್ಳಿ ಎಷ್ಟುಂಟು?" ಎಂದು ಕೇಳಿದರು.

ನಾನು ಕೂಡಿಸಿದ್ದೆ. ವಿಕಾಸನೂ ವಿಡಿಯೊ ಕರೆಯಲ್ಲಿದ್ದ, ಅವನೇ ಮೊದಲು ಹೇಳಿದ. "ನಲವತ್ತೊಂಬತ್ತು ಪಾಯಿಂಟ್ ಒಂದು ಗ್ರಾಂ ಮಾವ."

ಶೀನಣ್ಣ ತಂಗಿಯ ಕಡೆ ನೋಡಲಿಲ್ಲ. ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳುವಷ್ಟು ಗಟ್ಟಿಯಾಗಿ, ಸ್ಟಾಪಿನ ಹೆಸರು ಹೇಳಿದ ಹಾಗೆ, ಹೇಳಿದರು:

"ಹದಿನೆಂಟು."